ಚೆಕಿಂಗ್ ಸಾರ್ ಸಾಕಿದ ಸರ್ಪಗಂಧ

ಹೋದವರ ಬಗ್ಗೆ ಕೆಟ್ಟ ಮಾತಾಡಬಾರದು ಎನ್ನುತ್ತಾರೆ. ಈ ನಿಯಮ ಪಾಲಿಸಲು ನಮ್ಮ ಬೀದಿಯವರು ಎಷ್ಟು ಕಷ್ಟಪಟ್ಟರು ಎಂಬುದನ್ನು ನಾನು ಮೊನ್ನೆ ಕಣ್ಣಾರೆ ಕಂಡೆ. ಎದುರು ಮನೆಯ ಹಿರಿಯರ ತಿಥಿ ಊಟ. ಎಲೆ ಮುಂದೆ ಕೂತವರು ಪಾಯಸ ಬರುವವರೆಗೂ ಹೇಗೋ ತಡೆದುಕೊಂಡರು. ಪಾಯಸ ಬಿದ್ದ ಮೇಲೆ ನಾಲಗೆ ಸಡಿಲವಾಯಿತು. "ಒಳ್ಳೆ ಮನುಷ್ಯ ಬಿಡಿ, ಆದ್ರೆ ಯಾರಿಗೂ ಒಂದು ಕಡ್ಡಿ ಕೊಟ್ಟೋರಲ್ಲ," ಎಂದರು ಒಬ್ಬರು. "ಕಡ್ಡಿ ಏನ್ ಬಂತು, ಉದುರಿದ ಎಲೇನೂ ಎತ್ತಿಟ್ಕೊಳ್ಳೋರು," ಎಂದರು ಪಕ್ಕದವರು. ಇಬ್ಬರ ಮನೆಯ ತಾರಸಿ ಮೇಲೂ ಅವರ ಗಿಡ ಸೊಂಪಾಗಿ ಬೆಳೆದಿದೆ. ನಾನು ತಲೆ ತಗ್ಗಿಸಿ ವಡೆ ಮುರಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಯಾರೆಂದು ತಿಳಿಯುವುದಿಲ್ಲ. ಎಲ್ಲರ ಬಾಯಲ್ಲೂ ಅವರು ಚೆಕಿಂಗ್ ಸಾರ್. ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಕೆಲಸ ಅವರನ್ನು ಬಿಟ್ಟಿತ್ತು, ಅವರು ಕೆಲಸವನ್ನು ಬಿಟ್ಟಿರಲಿಲ್ಲ.

ನಾನು ಶ್ರೀಗಂಧದ ಕಾವಲ್‌ನ ಈ ಅಡ್ಡರಸ್ತೆಯಲ್ಲಿ ಬ್ಲೌಸ್ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮಿಷನ್ ಮುಂದೆ ಕೂತರೆ ನೇರ ಅವರ ಗೇಟು ಕಾಣುತ್ತದೆ. ನಮ್ಮ ಬಡಾವಣೆಯ ಹೆಸರು ಕೇಳಿದವರು ಗಂಧದ ಮರ ಹುಡುಕಿಕೊಂಡು ಬಂದಾರು, ಒಂದೂ ಇಲ್ಲ. ಕಾವಲು ಮಾತ್ರ ಭರ್ಜರಿಯಾಗಿತ್ತು, ಅದೂ ಎದುರು ಮನೆಯಲ್ಲಿ. ದಿನವಿಡೀ ಜನರ ಅಳತೆ ತೆಗೆಯುವ ನನಗೆ ಮನುಷ್ಯರ ಒಳಗಿನ ಅಳತೆಯೂ ಸಿಗುತ್ತದೆ ಎಂದು ಒಂದು ಜಂಬವಿತ್ತು. ಇವರ ವಿಷಯದಲ್ಲಿ ಆ ಜಂಬ ಇಳಿಯಿತು.

ಯಾರ ಮನೆಗೆ ಹೋದರೂ ಅವರು ಮೊದಲು ಹಿಂದಿನ ಬಾಗಿಲು ಹುಡುಕುತ್ತಿದ್ದರು. "ಮುಂದಿನ ಬಾಗ್ಲಲ್ಲಿ ಹತ್ತಿದ್ರೆ ಎಲ್ರೂ ಹುಷಾರಾಗಿಬಿಡ್ತಾರೆ ಕಣಮ್ಮ," ಎನ್ನುತ್ತಿದ್ದರು. ನೀರು ಬೇಕಾದರೂ ಪೇಪರ್ ಬೇಕಾದರೂ ಬಾಯಿ ಬಿಟ್ಟು ಕೇಳಿದವರಲ್ಲ, ಸುಮ್ಮನೆ ಅಂಗೈ ಚಾಚುತ್ತಿದ್ದರು. ಆ ಅಂಗೈ ಮುಂದೆ ಬಂದಾಗ ನಾನು ನನ್ನ ಮನೆಯಲ್ಲೇ ಕೂತಿದ್ದರೂ ಒಂದು ಕ್ಷಣ ಪರ್ಸು ತಡಕಾಡುತ್ತಿದ್ದೆ. ಮೂರು ಜನ ನಿಂತು ಮಾತಾಡುತ್ತಿದ್ದರೆ ಅವರ ಮಧ್ಯೆ ಭುಜ ತೂರಿಸಿ ಈ ಕಡೆಯಿಂದ ಆ ಕಡೆಗೆ ಹೋಗುತ್ತಿದ್ದರು. ಪಕ್ಕದಲ್ಲಿ ಆನೆ ಹೋಗುವಷ್ಟು ಜಾಗವಿದ್ದರೂ ಸರಿಯೇ.

ಒಂದು ಮದುವೆ ನೆನಪಾಗುತ್ತದೆ. ನಮ್ಮ ಬೀದಿಯದೇ ಹುಡುಗಿ, ಮಾಗಡಿ ರಸ್ತೆಯ ಛತ್ರದಲ್ಲಿ ಮದುವೆ. ಸಾರ್ ಊಟದ ಪಂಕ್ತಿಯುದ್ದಕ್ಕೂ ಒಂದು ಸಲ ನಡೆದು ಬಂದು ಹುಡುಗಿಯ ತಂದೆಯ ಕಿವಿಯಲ್ಲಿ, "ಆ ಕೊನೇಲಿ ಕೂತಿರೋ ಮೂರು ಹುಡುಗ್ರು ಹೆಣ್ಣಿನ ಕಡೆಯೋರೂ ಅಲ್ಲ, ಗಂಡಿನ ಕಡೆಯೋರೂ ಅಲ್ಲ," ಎಂದರು. ವಿಚಾರಿಸಿದರೆ ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಹುಡುಗರು, ರಾಜಾರೋಷವಾಗಿ ಒಳಗೆ ಬಂದು ಕೂತುಬಿಟ್ಟಿದ್ದರು. ತಂದೆ ಪಂಚೆ ಎತ್ತಿ ಕಟ್ಟಿ ಹೊರಟರೆ ಸಾರೇ ತಡೆದರು. "ಓಡಿಸ್ಬೇಡ್ರೀ. ಎಲೆ ನೋಡಿ ಒಂದ್ಸಲ. ಕರೆದು ಕೂರ್ಸಿದೋರು ಅರ್ಧ ಬಿಟ್ಟು ಎದ್ದಿದಾರೆ. ಕರೀದೇ ಬಂದೋರು ಒಂದು ಅಗುಳು ಬಿಟ್ಟಿಲ್ಲ." ಹಾಗೆಂದು ತಾವೇ ಆ ಹುಡುಗರಿಗೆ ಇನ್ನೊಂದು ಸಲ ಜಹಾಂಗೀರು ಹಾಕಿಸಿದರು. ಇದೆಂಥ ತಪಾಸಣೆಯಪ್ಪಾ ಎಂದು ನಾನು ಆಗ ನಕ್ಕಿದ್ದೆ.

ಅವರ ಬಾಯಲ್ಲಿ ಸದಾ ಇದ್ದ ಮಾತು ಇನ್ನೊಂದು: "ಟಿಕೆಟ್ ತಗೊಂಡೋನು ಕಿಟಕಿಗೆ ತಲೆ ಆನ್ಸಿ ನಿದ್ದೆ ಮಾಡ್ತಾನೆ. ತಗೊಳ್ದೇ ಇರೋನು ಕೊನೇ ಸ್ಟಾಪ್‌ವರೆಗೂ ಕಣ್ಣು ಬಿಟ್ಕೊಂಡು ಕೂತಿರ್ತಾನೆ." ಇದನ್ನು ಅವರು ಯಾವ ಸಂದರ್ಭಕ್ಕೂ ಹೇಳುತ್ತಿದ್ದರು. ಚುನಾವಣೆಗೂ ಹೇಳಿದರು, ಮಗನ ಮದುವೆಯಲ್ಲೂ ಹೇಳಿದರು. ಅದರ ಅರ್ಥ ಏನೆಂದು ನಾವ್ಯಾರೂ ಕೇಳಲಿಲ್ಲ. ಕೇಳಿದರೆ ಇನ್ನೊಂದು ಗಂಟೆ ಕೂರಬೇಕಾಗುತ್ತಿತ್ತು.

ಇನ್ನು ಗಿಡ. ಅದು ಸರ್ಪಗಂಧ. ಮೊಣಕಾಲೆತ್ತರ ಬೆಳೆಯುವ ಸಣ್ಣ ಗಿಡ. ಗೆಣ್ಣಿಗೆ ಮೂರು ಮೂರು ಎಲೆ, ಕೆಂಪು ತೊಟ್ಟಿನ ತುದಿಯಲ್ಲಿ ಬಿಳಿ ಹೂವಿನ ಗೊಂಚಲು, ಆಮೇಲೆ ಬಟಾಣಿಯಷ್ಟು ಹಣ್ಣು, ಹಣ್ಣಾದಂತೆ ಕಡು ನೇರಳೆ. ಅದರ ಬೇರು ರಕ್ತದ ಒತ್ತಡಕ್ಕೆ ಔಷಧಿ. ಬೇರಿಗೋಸ್ಕರ ಕಿತ್ತು ಕಿತ್ತು ಕಾಡಿನಲ್ಲಿ ಈಗ ಕಾಣಸಿಗುವುದೇ ಅಪರೂಪವಂತೆ. ಬೀಜ ಹಾಕಿದರೆ ಹತ್ತರಲ್ಲಿ ಒಂದು ಮೊಳೆತರೆ ಪುಣ್ಯ. ಮಧ್ಯಾಹ್ನದ ಬಿಸಿಲು ಆಗದು, ಪೂರ್ತಿ ನೆರಳೂ ಆಗದು. ನೀರು ಹೆಚ್ಚಾದರೆ ಸಾಯುತ್ತದೆ, ಕಡಿಮೆಯಾದರೆ ಬಾಡುತ್ತದೆ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ಸತ್ತ ಹಾಗೆ ನಿಂತು ಸಾಕಿದವರ ಜೀವ ತೆಗೆಯುತ್ತದೆ. ಒಟ್ಟಿನಲ್ಲಿ ಬಿ.ಪಿ. ಇಳಿಸುವ ಗಿಡ ಎಂದು ಹೆಸರು, ಅದನ್ನು ಸಾಕಿ ಸಾಕಿ ಸಾರ್‌ಗೆ ಬಿ.ಪಿ. ಏರಿತ್ತು.

ತಮಾಷೆಯೆಂದರೆ ಅವರು ಒಂದು ದಿನವೂ ಆ ಬೇರನ್ನು ಮುಟ್ಟಿದವರಲ್ಲ. ಬೆಳಿಗ್ಗೆ ಕಾಫಿ ಆದ ಮೇಲೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ನುಂಗಿ ಗಿಡದ ಮುಂದೆ ನಿಲ್ಲುತ್ತಿದ್ದರು. "ಸಾರ್, ಔಷಧಿ ಗಿಡ ಮನೇಲಿಟ್ಕೊಂಡು ಮೆಡಿಕಲ್ ಶಾಪ್‌ಗೆ ಹೋಗ್ತೀರಲ್ಲ," ಎಂದು ನಾನು ಕೆಣಕಿದೆ.

"ಬೇರು ಬೇಕು ಅಂದ್ರೆ ಗಿಡ ಕೀಳ್ಬೇಕು. ವರ್ಷಗಟ್ಟಲೆ ಸಾಕಿ ಕಿತ್ರೆ ಅದು ಔಷಧಿ ಅಲ್ಲಮ್ಮ, ಕೊಲೆ. ಆಮೇಲೆ ಮಾತ್ರೆ ತಿನ್ನೋರು ಇದನ್ನೂ ತಿಂದ್ರೆ ಬಿ.ಪಿ. ಜೊತೆ ಅವರೂ ಇಳ್ದು ಹೋಗ್ತಾರೆ," ಎಂದರು.

ಹಾಗಾದರೆ ಈ ಗಿಡ ಯಾತಕ್ಕೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರು ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡುವುದರಲ್ಲಿ ಮುಳುಗಿದ್ದರು.

ಗಿಡಗಳನ್ನು ಅವರು ಇಟ್ಟಿದ್ದ ರೀತಿಯೂ ವಿಚಿತ್ರ. ಗೇಟಿಗೆ ತೆಂಗಿನಕಾಯಿಯಷ್ಟು ದೊಡ್ಡ ಬೀಗ. ಒಳಗೆ ಹೋಗಲು ಸ್ವಂತ ಮಗನೂ ಬೆಲ್ ಒತ್ತಬೇಕು. ಆದರೆ ಕಾಂಪೌಂಡ್ ಗೋಡೆ ಸೊಂಟದೆತ್ತರ. ಮೇಕೆ ಕೂಡ ಓಡಿ ಬರದೆ, ನಿಂತಲ್ಲಿಂದಲೇ ಹಾರಬಹುದು. ದೊಡ್ಡ ಕುಂಡಗಳು ಒಳಗೆ ಮಾವಿನ ನೆರಳಿನಲ್ಲಿ, ಬೇರು ಬಿಟ್ಟ ಸಸಿಗಳು ಮಾತ್ರ ಸಣ್ಣ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಅದೇ ಗೋಡೆಯ ಮೇಲೆ ಸಾಲಾಗಿ. "ಬೆಳಗಿನ ಬಿಸಿಲು ಬೇಕಲ್ಲಮ್ಮ," ಎನ್ನುತ್ತಿದ್ದರು. ಊರಿಗೆ ಹೊರಟರೆ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು: "ನಾನು ನಾಡಿದ್ದೇ ಬರೋದು! ಯಾರಾದ್ರೂ ಗಿಡ ಮುಟ್ಟೀರ, ಹುಷಾರ್!" ಇಷ್ಟು ವರ್ಷ ಕಳ್ಳರ ಜೊತೆ ಏಗಿದವರಿಗೆ ಇಷ್ಟೂ ತಿಳಿಯದೇ ಎಂದು ನಾನು ಮರುಗುತ್ತಿದ್ದೆ. ಬಂದು ನೋಡಿದರೆ ಒಂದೆರಡು ಸಸಿ ಮಾಯವಾಗಿರುತ್ತಿದ್ದವು.

ಆಗ ಶುರುವಾಗುತ್ತಿತ್ತು ಸಹಸ್ರನಾಮ. ಗೇಟಿನ ಮುಂದೆ ನಿಂತು ರಸ್ತೆಯ ಎರಡೂ ಕಡೆಗೆ ಮುಖ ತಿರುಗಿಸಿ ಬೈಯುತ್ತಿದ್ದರು.

"ಯಾವನೋ ಅವನು ಕದ್ದೋನು? ದಿನಾ ನೀರು ಹಾಕೀಯ, ನಿನ್ನ ಕೈ ಸೇದೋಗ! ಬೆರಳಿಟ್ಟು ನೋಡು, ಮಣ್ಣು ಒಣಗಿದ್ರೆ ಮಾತ್ರ ಹಾಕು! ಮಧ್ಯಾಹ್ನದ ಬಿಸ್ಲಿಗೆ ಇಟ್ಟೀಯ, ನಿನ್ನ ಮನೆ ಉರಿದೋಗ! ಚಳೀಲಿ ಎಲೆ ಉದುರ್ತು ಅಂತ ಕಿತ್ತು ಬಿಸಾಕೀಯ, ಯುಗಾದಿವರೆಗೂ ಕಾಯೋ ಬಡ್ಡೀಮಗನೆ!"

ಮಿಷನ್ ತುಳಿಯುತ್ತಾ ನಾನು ಇದನ್ನೆಲ್ಲ ಶಾಪ ಎಂದೇ ಕೇಳಿಸಿಕೊಂಡೆ. ಕದ್ದವರು ಮಾತ್ರ ಬಾಗಿಲ ಸಂದಿಯಲ್ಲಿ ನಿಂತು ಪಾಠ ಕೇಳಿಸಿಕೊಳ್ಳುತ್ತಿದ್ದರು.

ನಮ್ಮ ಕಡೆ ಹೆಂಗಸರಲ್ಲಿ ಒಂದು ನಂಬಿಕೆ ಇದೆಯಲ್ಲ, ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂದು. ದೊಡ್ಡಪತ್ರೆಯಿಂದ ಹಿಡಿದು ವೀಳ್ಯದೆಲೆ ಬಳ್ಳಿಯವರೆಗೆ ಯಾರೂ ಕೇಳಿ ತರುವುದಿಲ್ಲ. ಮಾತಾಡುತ್ತಾ ಮಾತಾಡುತ್ತಾ ಚಿವುಟಿ ಸೆರಗಿನಲ್ಲಿಟ್ಟುಕೊಳ್ಳುತ್ತಾರೆ. ನನಗೆ ಆ ನಂಬಿಕೆ ಇಲ್ಲ. ನನಗೂ ಬಿ.ಪಿ. ಶುರುವಾಗಿತ್ತು, ಬೇರು ತಿನ್ನದಿದ್ದರೂ ಗಿಡ ಕಣ್ಣ ಮುಂದೆ ಇದ್ದರೆ ಸಮಾಧಾನ ಎನಿಸಿತು. ಮರ್ಯಾದೆಯಾಗಿ ರಸ್ತೆ ದಾಟಿ ಹೋಗಿ, "ಸಾರ್, ನಂಗೊಂದು ಸಸಿ ಕೊಡ್ತೀರಾ?" ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಕೇಳ್ತೀರಲ್ಲಮ್ಮ ಬಾಯಿಬಿಟ್ಟು! ನಾಚ್ಕೆ ಆಗಲ್ವಾ?" ಎಂದು ಗೇಟು ಹಾಕಿಕೊಂಡರು.

ಮೈಯೆಲ್ಲ ಉರಿದುಹೋಯಿತು. ಕದಿಯುವವರಿಗಿಲ್ಲದ ನಾಚಿಕೆ ಕೇಳುವವಳಿಗೇಕೆ? ಅವರ ಪ್ಯಾಂಟೊಂದು ಜಿಪ್ಪು ಹಾಕಿಸಲು ನನ್ನಲ್ಲಿಗೆ ಬಂದಿತ್ತು. ಇವತ್ತು ನಾಳೆ ಎಂದು ಒಂದು ತಿಂಗಳು ಸತಾಯಿಸಿದೆ.

ನನ್ನ ಪಕ್ಕದ ಮನೆ ಜಯಮ್ಮನ ಸಂಗತಿ ಹೇಳಬೇಕು. ಈ ಬಡಾವಣೆ ಹೊಲವಾಗಿದ್ದ ಕಾಲದಿಂದಲೂ ಇಲ್ಲೇ ಇರುವ ಗೌಡರ ಮನೆಯ ಹೆಂಗಸು. ರಾಗಿ ಬೆಳೆದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದಿದ್ದಾಳೆ. ಪಿಸುಮಾತೇ ಎರಡು ಮನೆಯಾಚೆ ಕೇಳುವಂಥ ಗಂಟಲು. ಅವಳ ಮನೆ ಪಕ್ಕದ ಖಾಲಿ ಸೈಟಿನಿಂದ ಹಾವು ಬರುತ್ತಿತ್ತು. ಸರ್ಪಗಂಧ ಇದ್ದಲ್ಲಿ ಹಾವು ಸುಳಿಯದು ಎಂದು ಯಾರೋ ಹೇಳಿದ್ದರು. ಒಂದು ದಿನ ಅವಳ ಅಂಗಳದಲ್ಲಿ ಗುಲ್ಲೋ ಗುಲ್ಲು. ಹೋಗಿ ನೋಡಿದರೆ ಕುಂಡದಲ್ಲಿ ಸರ್ಪಗಂಧ, ಆ ಕುಂಡದ ತಂಪಿಗೆ ಸುತ್ತಿಕೊಂಡು ಮಲಗಿರುವ ಕೇರೆಹಾವು.

"ಇದೆಲ್ಲಿಂದ ಬಂತೇ ಜಯಮ್ಮ?" ಎಂದೆ.

"ಖಾಲಿ ಸೈಟಿಂದ."

"ಹಾವಲ್ಲ, ಗಿಡ."

ಅವಳು ನನ್ನ ಬಾಯಿ ಮುಚ್ಚಿದಳು. "ಸುಮ್ನಿರಿ ಟೈಲರಕ್ಕ. ಗಿಡ ಇನ್ನೂ ಎಳೇದು, ಅದಕ್ಕೆ ಹಾವು ಹೆದರಿಲ್ಲ." ಅಷ್ಟರಲ್ಲಿ ಗಲಾಟೆ ಕೇಳಿ ಚೆಕಿಂಗ್ ಸಾರ್ ಬಂದರು. ಹಾವು ನೋಡಿದರು, ಗಿಡ ನೋಡಿದರು, ಜಯಮ್ಮನ ಮುಖ ನೋಡಿದರು. ಜಯಮ್ಮ ಸೆರಗಿನಿಂದ ಕುಂಡ ಮುಚ್ಚಲು ಹೊರಟು, ಹಾವು ನೆನಪಾಗಿ ಹಿಂದೆ ಸರಿದಳು. "ಹಾವಿಗೆ ಏನೂ ಮಾಡ್ಬೇಡಿ, ಕೇರೆ, ತಾನೇ ಹೋಗುತ್ತೆ," ಎಂದಷ್ಟೇ ಹೇಳಿ ಸಾರ್ ಹೊರಟುಹೋದರು. ವಯಸ್ಸಾಯಿತು, ಪಾಪ, ಕಣ್ಣು ಮಂಜಾಗಿದೆ ಎಂದುಕೊಂಡೆವು ನಾವಿಬ್ಬರೂ.

ಕಳೆದ ಮಳೆಗಾಲದಲ್ಲಿ ಸಾರ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಆಮೇಲೆ ಆರೈಕೆಗೆ ಕೆಂಗೇರಿಯ ಮಗಳ ಮನೆಯಲ್ಲಿ ಕೆಲವು ವಾರ. ಗಿಡಗಳು ಸೊಸೆ ಶೋಭಾಳ ಪಾಲಿಗೆ ಬಂದವು. ಶೋಭಾ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೇ ಬರುವುದು. ಅಪ್ಪಟ ಚಿನ್ನದಂಥ ಹುಡುಗಿ. ಅದೇ ಮುಳುವಾಯಿತು.

ಏಕೆಂದರೆ ಸಾರ್ ಬೀದಿಗೆಲ್ಲ ಬೈದರೂ ಸೊಸೆಗೆ ಮಾತ್ರ ಒಂದು ದಿನವೂ ಬೈದವರಲ್ಲ. ಬೀದಿಯ ಕಳ್ಳರಿಗೆಲ್ಲ ಬೈಗುಳದ ಮೂಲಕ ಗಿಡ ಸಾಕುವ ವಿದ್ಯೆ ಸಿಕ್ಕಿತ್ತು. ಬೈಸಿಕೊಳ್ಳದ ಒಬ್ಬಳೇ ಒಬ್ಬಳಿಗೆ ಏನೂ ಗೊತ್ತಿರಲಿಲ್ಲ. ಮಾವನ ಪ್ರಾಣ ಇದರಲ್ಲಿದೆ ಎಂದು ಅವಳು ಸುರಿಯುವ ಮಳೆಯಲ್ಲೂ ಬೆಳಿಗ್ಗೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ ಹಾಕಿದಳು. ಅಕ್ಕಿ ತೊಳೆದ ನೀರು ಹಾಕಿದಳು, ಹುಳಿ ಮಜ್ಜಿಗೆ ಹಾಕಿದಳು. ಎಲೆ ಹಳದಿಯಾದಾಗ ಬಾಯಾರಿಕೆ ಇರಬೇಕೆಂದು ಇನ್ನೂ ಹಾಕಿದಳು.

ಸಾರ್ ವಾಪಸು ಬಂದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ಆಟೋ ಇಳಿದು, ಕೋಲೂರಿಕೊಂಡು, ನೇರ ಕುಂಡಗಳ ಹತ್ತಿರ ಹೋದರು. ಒಂದು ಕಾಂಡ ಹಿಡಿದು ಎತ್ತಿದರು. ಎತ್ತಿದ ಕೂಡಲೇ ಬಂತು. ಬೇರು ಕಪ್ಪಗೆ ಕೊಳೆತು ಬೆರಳಿಗೆ ಅಂಟಿತು. ಇನ್ನೊಂದನ್ನು ಎತ್ತಿದರು, ಅದೂ ಹಾಗೇ. ಮಾವಿನ ಕೆಳಗಿನ ಒಂದು ಗಿಡವೂ ಉಳಿದಿರಲಿಲ್ಲ. ಗೋಡೆಯ ಮೇಲಿನ ಸಸಿಗಳನ್ನು ಬೀದಿಯವರು ಎಂದೋ ಖಾಲಿ ಮಾಡಿದ್ದರು. ಈಗ ಬೈಗುಳ ಶುರುವಾಗುತ್ತದೆ ಎಂದು ಬೀದಿಯೆಲ್ಲ ಕಿವಿಗೆ ಹತ್ತಿ ಹುಡುಕುತ್ತಿತ್ತು. ಅವರು ಒಂದು ಮಾತೂ ಆಡದೆ ಒಳಗೆ ಹೋದರು.

ಸಂಜೆ ಶೋಭಾ ನನ್ನ ಹತ್ತಿರ ಬಂದು ಬಿಕ್ಕಿ ಬಿಕ್ಕಿ ಅತ್ತಳು. "ಆಂಟಿ, ಒಂದೇಟು ಹೊಡ್ದಿದ್ರೂ ಪರವಾಗಿರ್ಲಿಲ್ಲ. 'ನೀನೇನಮ್ಮ ಮಾಡ್ತೀಯ, ನಾನು ನಿಂಗೆ ಹೇಳ್ಕೊಟ್ಟಿದ್ನಾ' ಅಂದ್ರು. ಊಟಾನೂ ಮಾಡಿಲ್ಲ."

ಮರುದಿನ ಅವರೇ ರಸ್ತೆ ದಾಟಿ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತರು. ಮುಂದಿನ ಬಾಗಿಲಿನಿಂದ ಬಂದರು. ಅದನ್ನು ನೋಡಿಯೇ ವಿಷಯ ದೊಡ್ಡದು ಎಂದುಕೊಂಡೆ.

"ಆ ಗಿಡ ನನ್ನ ಹೆಂಡ್ತಿದು ಕಣಮ್ಮ," ಎಂದು ಶುರು ಮಾಡಿದರು. ನಾನು ಈ ಬೀದಿಗೆ ಬರುವ ಮೊದಲೇ ಅವರ ಹೆಂಡತಿ ತೀರಿಕೊಂಡಿದ್ದರು. ಆಕೆಗೆ ಬಿ.ಪಿ. ಇತ್ತು. ಕೆಂಗೇರಿಯಿಂದಾಚೆ ಒಬ್ಬ ನಾಟಿ ವೈದ್ಯರ ಮನೆಗೆ ಹೋದಾಗ ಹಿತ್ತಲಲ್ಲಿ ಈ ಗಿಡ ನೋಡಿ ಆಸೆಪಟ್ಟರಂತೆ. ಕೇಳೋಣ ಎಂದರೆ ಒಪ್ಪಲಿಲ್ಲವಂತೆ. "'ಕೇಳಿದ್ರೆ ಬರಲ್ಲ ಕಣ್ರೀ, ಕದ್ರೇನೇ ಬರೋದು. ನೀವು ಗೇಟ್ ಹತ್ರ ನಿಂತ್ಕೊಳಿ' ಅಂದ್ಳು. ನಾನು ಯೂನಿಫಾರಂನಲ್ಲಿದ್ದೆ. ಸರ್ವಿಸ್‌ನಲ್ಲಿ ಎಂಥೆಂಥೋರ್ನ ಬಸ್ಸಿಂದ ಇಳಿಸಿದೀನಿ, ಒಂದಿನಾನೂ ಹಿಂದೆ ಮುಂದೆ ನೋಡಿರ್ಲಿಲ್ಲ. ಅವತ್ತು ಟಿಕೆಟ್ ಇಲ್ಲದೋನ ಹಂಗೆ ಕಣ್ಣು ಬಿಟ್ಕೊಂಡು ನಿಂತಿದ್ದೆ ಕಣಮ್ಮ. ಅವಳು ಬಸ್ಸಲ್ಲಿ ಸೆರಗಲ್ಲಿ ಗಿಡ ಮುಚ್ಕೊಂಡು, ನನ್ನ ಮುಖ ನೋಡಿ ನೋಡಿ ನಗ್ತಿದ್ಳು, ಮನೆವರ್ಗೂ."

ಹೆಂಡತಿ ಹೋದ ಮೇಲೆ ವರ್ಷದ ತಿಥಿಗೆ ಆಕೆಯ ಹೆಸರಿನಲ್ಲಿ ಬೀದಿಯ ಪ್ರತಿ ಮನೆಗೂ ಒಂದು ಸಸಿ ಕೊಟ್ಟರಂತೆ, ಕೈಮುಗಿದು, ತಾಂಬೂಲದ ಜೊತೆ. ಕೆಲವೇ ತಿಂಗಳಲ್ಲಿ ಎಲ್ಲವೂ ಒಣಗಿದವು. "ಒಬ್ರು ಆ ಕುಂಡದಲ್ಲೇ ಪ್ಲಾಸ್ಟಿಕ್ ಹೂ ಸಿಗ್ಸಿದ್ರು. ಅವತ್ತೇ ಬೀಗ ತಂದೆ."

ನನ್ನ ಕಾಲು ಮಿಷನ್ ಮೇಲೆ ನಿಂತಿತು. "ಅಂದ್ರೆ... ಕದೀಲಿ ಅಂತಾನಾ ಗೋಡೆ ಮೇಲೆ ಇಡ್ತಿದ್ರಿ?"

"ಮತ್ತಿನ್ನೇನು? ಕೊಟ್ಟಿದ್ದನ್ನ ಯಾರಮ್ಮ ನೋಡ್ಕೊತಾರೆ? ಕದ್ದಿದ್ದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊತಾರೆ. ಯಾರ್ಯಾರು ತಗೊಂಡೋದ್ರು ಎಲ್ಲಾ ಗೊತ್ತು. ಇಷ್ಟು ವರ್ಷ ಟಿಕೆಟ್ ಇಲ್ಲದೋರ ಮುಖ ನೋಡಿರೋನು ನಾನು."

"ಹಾಗಾದ್ರೆ ನಾನು ಕೇಳ್ದಾಗ ಯಾಕೆ ಬೈದ್ರಿ?"

"ನೀವು ಕದೀತೀರ ಅಂತ ಕಾದೆ ಕಾದೆ. ಕದೀಲೇ ಇಲ್ಲ. ಮರ್ಯಾದಸ್ತರು ಗಿಡ ಸಾಕೋಕೆ ಲಾಯಕ್ಕಲ್ಲ."

ನಗು ಬಂತು, ಆದರೆ ನಗಲಿಲ್ಲ. ಅವರ ಮುಖದಲ್ಲಿ ನಗು ಇರಲಿಲ್ಲ. "ನಂಗೊಂದು ಬೇಕು ಕಣಮ್ಮ ಈಗ," ಎಂದರು. "ಅವಳು ನೆಟ್ಟಿದ್ದು ಇಷ್ಟು ವರ್ಷ ಬಾಗ್ಲಲ್ಲಿತ್ತು. ಅದಿಲ್ದೆ ಆ ಗೇಟು ದಾಟಿ ಒಳಗೆ ಹೋಗೋಕಾಗ್ತಿಲ್ಲ."

ಇದೇನು ಮಹಾ, ಬೀದಿ ತುಂಬ ಇದೆಯಲ್ಲ, ಕೇಳಿದರಾಯಿತು ಎಂದೆ. ಅವರು ಕೋಲೂರಿಕೊಂಡು ಒಂದೊಂದೇ ಮನೆಗೆ ಹೊರಟರು. ಅವರು ಎರಡನೆಯ ಮನೆ ತಲುಪುವಷ್ಟರಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು: ಚೆಕಿಂಗ್ ಬಂದಿದೆ! ತಾರಸಿಯ ಮೇಲೆ ದಡಬಡ ಸದ್ದು. ಬಿಸಿಲು ಕಾಯುತ್ತಿದ್ದ ಕುಂಡಗಳೆಲ್ಲ ಬಚ್ಚಲು ಸೇರಿದವು, ಮಂಚದ ಕೆಳಗೆ ಸೇರಿದವು, ಒಂದಂತೂ ವಾಷಿಂಗ್ ಮಿಷನ್ ಒಳಗೆ ಕೂತಿತು. "ನಮ್ಮನೇಲಿ ಎಲ್ಲಿ ಸಾರ್?" "ಸರ್ಪಗಂಧ ಅಂದ್ರೆ ಹೆಂಗಿರುತ್ತೆ ಸಾರ್?" ಜಯಮ್ಮ ಕುಂಡದ ಮೇಲೆ ದೊಡ್ಡ ಕುಕ್ಕೆ ಕವುಚಿ ಅದರ ಮೇಲೆಯೇ ಕೂತು, "ದೇವ್ರಾಣೆ ನಮ್ಮನೇಲಿ ಅಂಥ ಗಿಡ ಇಲ್ಲ ಸಾರ್," ಎಂದಳಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಮನೆ ಮನೆಗೆ ಹೋಗಿ, "ಅವರು ಹಿಡಿಯೋಕೆ ಬಂದಿಲ್ಲ ಕಣ್ರೀ, ಕೇಳೋಕೆ ಬಂದಿದಾರೆ," ಎಂದೆ. ಯಾರೂ ನಂಬಲಿಲ್ಲ. "ಚೆಕಿಂಗ್‌ನೋರು ಕೇಳೋದೇ ಹಿಡಿಯೋಕೆ," ಎಂದು ನನಗೇ ಬುದ್ಧಿ ಹೇಳಿದರು. ಸತ್ಯ ಹೇಳಿ ಗಿಡ ಕೊಡುವುದೆಂದರೆ ಇಷ್ಟು ವರ್ಷ ಬೈಸಿಕೊಂಡ ಕಳ್ಳ ನಾನೇ ಎಂದು ಒಪ್ಪಿದಂತೆ. ಅಷ್ಟು ಧೈರ್ಯ ಯಾರಿಗಿದೆ? ಸಾರ್ ಬರಿಗೈಯಲ್ಲಿ ವಾಪಸು ಬಂದು ಬೆಂಚಿನ ಮೇಲೆ ಕೂತರು. ಇಷ್ಟು ಚೆನ್ನಾಗಿ ಕಾವಲು ಕಾದವರಿಗೆ ಇದೇ ಸಂಬಳ.

ಕೋಲನ್ನು ಗೋಡೆಗೆ ಒರಗಿಸಿ, "ಕದೀಬೇಕು," ಎಂದರು.

"ಏನು?"

"ಬೇರೆ ದಾರಿ ಇಲ್ಲ. ಜಯಮ್ಮನ ಮನೇದು ನನ್ನ ಹೆಂಡ್ತಿ ನೆಟ್ಟ ಗಿಡದ ಬೀಜದಿಂದಾನೇ ಬಂದಿದ್ದು. ನೀವು ಗೇಟ್ ಹತ್ರ ನಿಂತ್ಕೊಳಿ."

ನಾನು ಗಡಿಯಾರ ನೋಡಿದೆ. ಮಧ್ಯಾಹ್ನ ಊಟವಾದ ಮೇಲೆ ಜಯಮ್ಮ ಗಡದ್ದಾಗಿ ನಿದ್ದೆ ಹೊಡೆಯುತ್ತಾಳೆ, ಮನೆಯಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರುವುದಿಲ್ಲ. ನಾನು ಕುತ್ತಿಗೆಗೆ ಟೇಪು ಹಾಕಿಕೊಂಡು, ಅವಳ ಬ್ಲೌಸ್ ಕೈಯಲ್ಲಿ ಹಿಡಿದು, ಕೊಡಲು ಬಂದವಳ ಹಾಗೆ ಗೇಟಿನಲ್ಲಿ ನಿಂತೆ. ಸಾರ್ ಒಳಗೆ ಹೋದರು. ಕುಕ್ಕೆ ಎತ್ತಿದರು. ಬಗ್ಗಲು ನೋಡಿದರು. ಸೊಂಟ ಬಗ್ಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಾಗ ಕೋಲು ಜಾರಿ ಕಲ್ಲುಚಪ್ಪಡಿಯ ಮೇಲೆ ಠಣ್ಣೆಂದು ಬಿತ್ತು.

ಕಿಟಕಿಯ ಪರದೆ ಸರಿಯಿತು. ಜಯಮ್ಮನ ಮುಖ. ಅವಳು ಸಾರ್ ಅವರನ್ನು ನೋಡಿದಳು, ಒಂದು ಕೈ ಗೋಡೆಗೆ ಆನಿಸಿ ಇನ್ನೊಂದು ಕೈ ಕುಂಡದ ಕಡೆ ಚಾಚಿ ನಿಂತಿದ್ದ ಆ ಮುದುಕರನ್ನು. ಆಮೇಲೆ ನನ್ನನ್ನು ನೋಡಿದಳು. ಮುಗಿಯಿತು, ಈಗ ಇಡೀ ಬೀದಿ ಸೇರುತ್ತದೆ, ಇವರ ಮಾನ ಹೋಗುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಕಿಟಕಿ ಧಡಾರನೆ ಮುಚ್ಚಿತು. ಒಳಗಿನಿಂದ ಜಯಮ್ಮನ ಗಂಟಲು ಬಂತು.

"ನಾನು ಮಲ್ಗಿದೀನಿ! ಯಾರೂ ಎಬ್ಬಿಸ್ಬೇಡಿ! ಸಾಯಂಕಾಲದವರ್ಗೂ ಏಳಲ್ಲ ನಾನು!"

ಸಾರ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಒಂದು ಕ್ಷಣ ಬಿಟ್ಟು ಮತ್ತೆ ಕೂಗು.

"ಆ ತೊಟ್ಟಿ ಪಕ್ಕ ಮೇಲ್ಗಡೆ ಚಿಕ್ಕ ಕುಂಡ ಇದೆಯಲ್ಲ, ಅದನ್ನ ಯಾವನಾದ್ರೂ ಮುಟ್ಟೀರ, ಹುಷಾರ್! ಬೇರು ಚೆನ್ನಾಗಿ ಬಿಟ್ಟಿದೆ ಅದು! ಬಗ್ಗೋದೂ ಬೇಕಾಗಿಲ್ಲ ಅದಕ್ಕೆ!"

ತೊಟ್ಟಿಯ ಕಟ್ಟೆಯ ಮೇಲೆ, ಎದೆಯ ಮಟ್ಟಕ್ಕೆ, ಸಣ್ಣ ಕುಂಡದಲ್ಲಿ ಮೂರು ಮೂರು ಎಲೆಯ ಎಳೆ ಗಿಡ. ನಾನು ಕೋಲು ಎತ್ತಿಕೊಟ್ಟೆ. ಸಾರ್ ಕುಂಡವನ್ನು ಎದೆಗವಚಿಕೊಂಡು ರಸ್ತೆಗೆ ಬಂದರು. ರಸ್ತೆಯ ಎರಡೂ ಕಡೆ ಒಂದು ಬಾಗಿಲೂ ತೆರೆದಿರಲಿಲ್ಲ. ಎಲ್ಲ ಕಿಟಕಿಗಳ ಪರದೆಯೂ ಅಲ್ಲಾಡುತ್ತಿತ್ತು.

ನನ್ನ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡರು. ಖುಷಿಯಾಗಿರಬೇಕು ಎಂದು ನೋಡಿದರೆ ಮುಖ ಸಣ್ಣದಾಗಿತ್ತು.

"ನಿದ್ದೇಲಿರೋರು ಹಂಗೆ ಕೂಗ್ತಾರೇನಮ್ಮ?"

ನಾನು ಸೂಜಿಗೆ ದಾರ ಪೋಣಿಸುವ ನೆಪ ಮಾಡಿದೆ.

"ಇದು ಕದ್ದಿದ್ದಲ್ಲ ಕಣಮ್ಮ. ಕೊಟ್ಟಿದ್ದು. ಕೊಟ್ಟಿದ್ದು ಬರಲ್ಲ. ನಾನೇ ಮನೆ ಮನೆಗೆ ಕೊಟ್ಟು ನೋಡಿದೀನಲ್ಲ, ಒಂದೂ ಬರ್ಲಿಲ್ಲ. ಇದೂ ಹೋಗುತ್ತೆ." ಕುಂಡವನ್ನು ಬೆಂಚಿನ ಮೇಲಿಟ್ಟು ಅದರಿಂದ ಸ್ವಲ್ಪ ದೂರ ಸರಿದು ಕೂತರು. ನಾನು ಬೈದೆ, ಸಮಾಧಾನ ಹೇಳಿದೆ, ಕಾಫಿ ಕೊಟ್ಟೆ. ಗಿಡವನ್ನು ಮನೆಗೆ ಒಯ್ಯಲೂ ಒಲ್ಲರು, ಹಿಂದಕ್ಕೆ ಕೊಡಲೂ ಒಲ್ಲರು. ಜೀವಮಾನವೆಲ್ಲ ನಂಬಿದ ಮಾತು ಅವರಿಗೇ ಎದುರು ನಿಂತಿತ್ತು.

ಸಂಜೆ ಜಯಮ್ಮ ಬ್ಲೌಸ್‌ಗೆಂದು ಬಂದಳು, ಕಣ್ಣುಜ್ಜಿಕೊಳ್ಳುತ್ತಾ, ಈಗ ತಾನೇ ಎದ್ದವಳ ಹಾಗೆ. ಸಾರ್ ಇನ್ನೂ ಅಲ್ಲೇ ಕೂತಿದ್ದರು. ಪಕ್ಕದಲ್ಲಿ ಅವಳ ಮನೆಯ ಕುಂಡ, ಅದರ ಮೈಮೇಲೆ ಅವಳದೇ ಕೈಯಲ್ಲಿ ಬರೆದ ಬಿಳಿ ಬಣ್ಣದ ಎಳೆ ರಂಗೋಲಿ.

"ಜಯಮ್ಮ," ಎಂದರು ಸಾರ್. "ನಿಜ ಹೇಳ್ಬಿಡಿ. ಈ ಗಿಡ ನೀವು ಕೊಟ್ಟಿದ್ದಾ?"

ಜಯಮ್ಮ ಕುಂಡ ನೋಡಿದಳು. ಅವರ ಮುಖ ನೋಡಿದಳು. ಸೊಂಟದ ಮೇಲೆ ಕೈಯಿಟ್ಟು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಯಾವ ಗಿಡ ಸಾರ್? ಕೊಡೋಕೆ ನಮ್ಮನೇಲಿ ಎಲ್ಲಿತ್ತು ಗಿಡ? ಇದನ್ನ ನಾನು ಈವತ್ತೇ ನೋಡ್ತಿರೋದು, ದೇವ್ರಾಣೆಗೂ!"

ಸಾರ್ ಅವಳನ್ನೇ ದಿಟ್ಟಿಸಿದರು. ತುಂಬ ಹೊತ್ತು ದಿಟ್ಟಿಸಿದರು. ಅವಳು ಕಣ್ಣು ಕದಲಿಸಲಿಲ್ಲ. ಅವರ ತುಟಿಯ ಅಂಚು ಸಡಿಲವಾಯಿತು, ಕಣ್ಣು ತುಂಬಿ ಬಂತು. ಪಂಚೆಯ ತುದಿಯಿಂದ ಒರೆಸಿಕೊಂಡು, ಕುಂಡವನ್ನು ಮಗುವಿನ ಹಾಗೆ ಎತ್ತಿಕೊಂಡು ಎದ್ದರು.

"ಹಂಗಾದ್ರೆ ಬದುಕುತ್ತೆ ಬಿಡಿ," ಎಂದು ಮನೆಗೆ ಹೋದರು.